ಸಾಕಿದ ಹಾವು ಕಾರಣ ತಿಳಿಯದೆ ಸತ್ತಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಆರು ವರ್ಷ ಇದ್ದ ಬಾಲ್ ಪೈಥಾನ್‌ಗೆ ಅಕ್ಕನ ಮಗಳು ಗುಂಡ ಎಂದು ಹೆಸರಿಟ್ಟಿದ್ದಳು. ಹೆದರಿದಾಗ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ನಡುವೆ ಬಚ್ಚಿಡುವುದು ಈ ಆಫ್ರಿಕನ್ ಹೆಬ್ಬಾವಿನ ಸ್ವಭಾವ. ಜನವರಿಯ ಒಂದು ಬೆಳಿಗ್ಗೆ ಅದು ನೀರಿನ ಬಟ್ಟಲಿನ ಪಕ್ಕದಲ್ಲಿ ಕೋಲಿನಂತೆ ನೇರವಾಗಿ ಚಾಚಿಕೊಂಡಿತ್ತು. ಆ ನೇರವನ್ನು ಕಂಡಾಗಲೇ ನನಗೆ ಅರ್ಥವಾಯಿತು. ಹಿಂದಿನ ವಾರ ಇಲಿ ತಿಂದಿತ್ತು, ಹಿಂದಿನ ತಿಂಗಳು ಪೊರೆಯನ್ನು ಒಂದೇ ತುಂಡಾಗಿ ಬಿಟ್ಟಿತ್ತು. ಆ ದಿನ ಯಾರನ್ನು ಕೇಳಬೇಕೆಂದು ತಿಳಿಯದೆ ನಾನು ಒದ್ದಾಡಿದ ಪ್ರಶ್ನೆಗಳನ್ನೂ, ಆಮೇಲೆ ಕೋಲಾರ, ತುಮಕೂರಿನ ಕಡೆಯವರು ನನ್ನನ್ನು ಕೇಳಿದವುಗಳನ್ನೂ ಇಲ್ಲಿ ಸೇರಿಸಿದ್ದೇನೆ. ನಾನು ಪಶುವೈದ್ಯನಲ್ಲ. ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿದವನು; ಉತ್ತರಗಳಲ್ಲಿ ಹುಳುವಿನ ಮಾತು ಅಲ್ಲಲ್ಲಿ ಬಂದರೆ ಅದಕ್ಕೆ ಕಾರಣ ಇದೇ.

ಹಾವು ನಿಜವಾಗಿಯೂ ಸತ್ತಿದೆಯೆಂದು ತಿಳಿಯುವುದು ಹೇಗೆ?

ಇದನ್ನು ಮೊದಲು ಕೇಳಿಕೊಳ್ಳಲೇಬೇಕು, ಏಕೆಂದರೆ ಚಳಿಗೆ ಮರಗಟ್ಟಿದ ಹಾವು ಸತ್ತಂತೆಯೇ ಕಾಣುತ್ತದೆ. ನಮ್ಮ ಬಯಲುಸೀಮೆಯ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಕರೆಂಟ್ ಹೋಗಿ, ಪೆಟ್ಟಿಗೆಗೆ ಶಾಖ ಕೊಡುವ ವಿದ್ಯುತ್ ಹಾಸು, ಅಂದರೆ ಹೀಟ್ ಮ್ಯಾಟ್ ಆರಿದರೆ, ಬೆಳಗಿನ ಹೊತ್ತಿಗೆ ಹಾವಿನ ಮೈ ತಣ್ಣಗಾಗಿ, ಉಸಿರಾಟ ಕಣ್ಣಿಗೆ ಕಾಣದಷ್ಟು ನಿಧಾನವಾಗಿರುತ್ತದೆ. ಅದನ್ನು ಬೆಚ್ಚಗಿನ ಕೋಣೆಗೆ ತಂದು, 28 ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖದಲ್ಲಿ ಒಂದೆರಡು ಗಂಟೆ ಇಟ್ಟು ನೋಡಬೇಕು. ಬಿಸಿನೀರಿನಲ್ಲಿ ಮುಳುಗಿಸುವುದಾಗಲಿ, ಬಿಸಿನೀರಿನ ಚೀಲವನ್ನು ಮೈಗೆ ಒತ್ತುವುದಾಗಲಿ ಬೇಡ. ಬೆನ್ನ ಮೇಲೆ ಮಲಗಿಸಿದರೆ ಜೀವವಿರುವ ಹಾವು ಎಷ್ಟೇ ನಿಧಾನವಾಗಿಯಾದರೂ ಮಗುಚಿಕೊಳ್ಳಲು ನೋಡುತ್ತದೆ. ಹೃದಯವು ತಲೆಯಿಂದ ಮೈಯುದ್ದದ ಸುಮಾರು ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರುತ್ತದೆ. ಅಲ್ಲಿ ಹೊಟ್ಟೆಯ ಹುರುಪೆಗಳ ಮಿಡಿತವನ್ನು ಬೆರಳಿನಿಂದ ಗಮನಿಸಬಹುದು, ವೈದ್ಯರಾದರೆ ಡಾಪ್ಲರ್ ಯಂತ್ರದಿಂದ ಕೇಳುತ್ತಾರೆ.

ಇದಕ್ಕೆ ವಿರುದ್ಧವಾದ ಗೊಂದಲವೂ ಉಂಟು. ಪ್ರಾಣ ಹೋದ ಮೇಲೂ ಹಾವಿನ ಸ್ನಾಯುಗಳು ಸ್ವಲ್ಪ ಹೊತ್ತು ಅಲುಗಬಹುದು, ಹೃದಯವೂ ಕೆಲಕಾಲ ಮಿಡಿಯಬಹುದು. ಆದ್ದರಿಂದ ಸಂದೇಹವಿದ್ದರೆ ಕಾಯುವುದೇ ಸರಿ. ಮೈ ಬಿಗಿದು ಮತ್ತೆ ಸಡಿಲವಾಗಿ, ಹೊಟ್ಟೆಯ ಭಾಗ ಹಸಿರುಗಟ್ಟಿ, ವಾಸನೆ ಶುರುವಾದರೆ ಮತ್ತೆ ಅನುಮಾನಕ್ಕೆ ಎಡೆಯಿಲ್ಲ.

ಸತ್ತಿದೆಯೆಂದು ಖಚಿತವಾದ ಮೇಲೆ ಮೊದಲು ಮಾಡಬೇಕಾದ ಕೆಲಸ ಯಾವುದು?

ಹೀಟ್ ಮ್ಯಾಟ್, ದೀಪಗಳನ್ನು ಆರಿಸಿ. ಅದಕ್ಕೂ ಮೊದಲು ಪೆಟ್ಟಿಗೆಯ ಬಿಸಿ ಭಾಗದ ಮತ್ತು ತಂಪು ಭಾಗದ ತಾಪಮಾನ ಎಷ್ಟಿತ್ತೆಂದು ಬರೆದುಕೊಳ್ಳಿ, ಹಾವು ಬಿದ್ದಿದ್ದ ಭಂಗಿಯ ಫೋಟೊ ತೆಗೆಯಿರಿ. ದುಃಖದಲ್ಲಿರುವವರಿಗೆ ಇದು ಪೊಲೀಸರ ಮಹಜರಿನಂತೆ ಕಾಣಬಹುದು. ಆದರೆ ಸಂಜೆಯ ಹೊತ್ತಿಗೆ ನೆನಪು ತನಗೆ ಬೇಕಾದಂತೆ ತಿದ್ದಿಕೊಂಡಿರುತ್ತದೆ.

ನಂತರ ಶವವನ್ನು ಒದ್ದೆ ಮಾಡದೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಾಳಿ ತೆಗೆದು ಕಟ್ಟಿ, ಅದನ್ನು ಇನ್ನೊಂದು ಚೀಲದಲ್ಲಿಟ್ಟು, ಮುಚ್ಚಳವಿರುವ ಡಬ್ಬಿಯಲ್ಲಿ ಫ್ರಿಜ್‌ನ ಕೆಳಭಾಗದಲ್ಲಿ, ಸುಮಾರು 4 ಡಿಗ್ರಿಯಲ್ಲಿ ಇಡಿ. ಫ್ರೀಜರ್‌ನಲ್ಲಿ ಇಡಬೇಡಿ. ಹೆಪ್ಪುಗಟ್ಟಿದಾಗ ಜೀವಕೋಶಗಳೊಳಗೆ ಹುಟ್ಟುವ ಮಂಜಿನ ಹರಳುಗಳು ಅಂಗಾಂಶವನ್ನು ಹರಿದುಹಾಕುವುದರಿಂದ, ಸೂಕ್ಷ್ಮದರ್ಶಕದಡಿ ನೋಡಬೇಕಾದದ್ದು ಕೆಟ್ಟುಹೋಗುತ್ತದೆ. ಎರಡು ಮೂರು ದಿನಗಳೊಳಗೆ ಎಲ್ಲಿಗೂ ಒಯ್ಯಲು ಸಾಧ್ಯವಿಲ್ಲವೆಂದಾದರೆ ಮಾತ್ರ ಫ್ರೀಜರ್. ವಿಷದ ಪರೀಕ್ಷೆಗೆ, ವೈರಸ್ಸಿನ ಪಿಸಿಆರ್ ಪರೀಕ್ಷೆಗೆ ಅದು ಆಗಲೂ ಉಪಯೋಗಕ್ಕೆ ಬಂದೀತು.

ಫ್ರಿಜ್ ಎಂದರೆ ಮನೆಯವರ ಫ್ರಿಜ್. ನಮ್ಮ ಅಮ್ಮ ಬಾಗಿಲು ತೆರೆದು, ಡಬ್ಬಿಯನ್ನು ನೋಡಿ, ಏನೂ ಮಾತಾಡದೆ ಮೊಸರಿನ ಪಾತ್ರೆ, ಹಾಲು, ದೋಸೆ ಹಿಟ್ಟು ಮೂರನ್ನೂ ಹೊರಗೆ ತೆಗೆದಿಟ್ಟು, "ಇವತ್ತು ಒಂದಿನ ಅಷ್ಟೇ ಕಣಪ್ಪ" ಎಂದರು. ಅವರು ಅಡುಗೆಯನ್ನು ತೆಗೆದಿಟ್ಟದ್ದು ಮಡಿಯ ಕಾರಣಕ್ಕೆ. ಆದರೆ ಹಾವುಗಳ ಮೈಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಮಾನ್ಯವಾದ್ದರಿಂದ ವೈದ್ಯರು ಹೇಳುವುದೂ ಅದನ್ನೇ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ತುಂಬಿಸಿ ಅದರಲ್ಲಿಟ್ಟರೂ ಸಾಕು, ಮಂಜುಗಡ್ಡೆ ನೇರವಾಗಿ ಮೈಗೆ ತಾಗದಿದ್ದರಾಯಿತು.

ಶವಪರೀಕ್ಷೆ ಮಾಡಿಸಬೇಕೇ? ನಮ್ಮ ಕಡೆ ಅದು ಎಲ್ಲಿ ಆಗುತ್ತದೆ?

ಸಾಧ್ಯವಿದ್ದರೆ ಮಾಡಿಸಿ, ಮೊದಲ 24 ಗಂಟೆಯೊಳಗೆ. ಮನೆಯಲ್ಲಿ ಇನ್ನೊಂದು ಹಾವಿದ್ದರೆ ಮಾಡಿಸಲೇಬೇಕು ಎನ್ನುತ್ತೇನೆ.

ತಾಲ್ಲೂಕಿನ ಪಶು ಆಸ್ಪತ್ರೆಗಳ ವೈದ್ಯರು ದನ, ಕುರಿ, ಕೋಳಿಯ ಶವಪರೀಕ್ಷೆಯಲ್ಲಿ ನುರಿತವರು. ಹಾವನ್ನು ಕೊಯ್ದು ನೋಡಿದ ಅನುಭವ ಎಲ್ಲರಿಗೂ ಇರುವುದಿಲ್ಲ, ಆದರೂ ಕೇಳುವುದರಲ್ಲಿ ತಪ್ಪಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೂ ಅಲ್ಲೇ ಇದೆ. ಚಿಕ್ಕಬಳ್ಳಾಪುರದವರಿಗೆ ಹೆದ್ದಾರಿ ನೇರವಾಗಿ ಹೆಬ್ಬಾಳಕ್ಕೇ ಇಳಿಸುತ್ತದೆ. ಕೋಲಾರ, ತುಮಕೂರಿನವರು ನಗರವನ್ನು ಬಳಸಿಕೊಂಡು ಬರಬೇಕು. ಹೊರಡುವ ಮೊದಲು ಫೋನ್ ಮಾಡಿ, ಹಾವನ್ನು ತೆಗೆದುಕೊಳ್ಳುತ್ತಾರೆಯೇ, ಯಾವ ಹೊತ್ತಿಗೆ ತರಬೇಕು ಎಂದು ಕೇಳಿಕೊಳ್ಳಿ. ಹಾವು, ಆಮೆಗಳಿಗೆ ಚಿಕಿತ್ಸೆ ಕೊಡುವ ಖಾಸಗಿ ವೈದ್ಯರೂ ಬೆಂಗಳೂರಿನಲ್ಲಿದ್ದಾರೆ. ಅಂಗಾಂಶದ ತುಣುಕುಗಳನ್ನು ಶೇ. 10ರ ಫಾರ್ಮಲಿನ್‌ನಲ್ಲಿ, ತುಣುಕಿನ ಹತ್ತು ಪಟ್ಟು ದ್ರಾವಣವಿರುವಂತೆ ಇಟ್ಟು ಪ್ರಯೋಗಾಲಯಕ್ಕೆ ಕಳುಹಿಸುವುದು ಕ್ರಮ. ಆ ಕೆಲಸ ವೈದ್ಯರದು.

ನಿನ್ನೆ ಚೆನ್ನಾಗಿದ್ದ ಹಾವು ಇವತ್ತು ಸಾಯುವುದು ಹೇಗೆ?

ಬಹುಪಾಲು ಅದು ನಿನ್ನೆ ಚೆನ್ನಾಗಿರಲಿಲ್ಲ, ಚೆನ್ನಾಗಿರುವಂತೆ ಕಾಣುತ್ತಿತ್ತು. ಕಾಡಿನಲ್ಲಿ ಕಾಯಿಲೆ ತೋರಿಸಿಕೊಂಡ ಹಾವು ಹದ್ದಿಗೋ ಮುಂಗುಸಿಗೋ ಆಹಾರವಾಗುತ್ತದೆ, ಆದ್ದರಿಂದ ಮುಚ್ಚಿಡುವುದು ಅದರ ರಕ್ತದಲ್ಲೇ ಇದೆ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ತಿನ್ನುವ, ಹಗಲೆಲ್ಲ ಮಲಗಿರುವ ಪ್ರಾಣಿಯಲ್ಲಿ ಊಟ ಬಿಡುವುದು, ಮಂಕಾಗುವುದು ಎಂಬ ಲಕ್ಷಣಗಳನ್ನು ಯಾರು ತಾನೆ ಅದೇ ದಿನ ಗುರುತಿಸಿಯಾರು?

ಶ್ವಾಸಕೋಶದ ಸೋಂಕು ಇದಕ್ಕೆ ಒಳ್ಳೆಯ ಉದಾಹರಣೆ. ಹಾವಿಗೆ ನಮಗಿರುವಂತೆ ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆಯಿಲ್ಲ, ಅದು ನಮ್ಮಂತೆ ಕೆಮ್ಮಿ ಕಫವನ್ನು ಹೊರಹಾಕಲಾರದು. ಒಳಗೆ ಲೋಳೆ ತುಂಬುತ್ತಾ ಹೋಗಿ, ಬಾಯಿ ತೆರೆದು ಉಸಿರಾಡುವ, ತಲೆಯನ್ನು ಮೇಲಕ್ಕೆತ್ತಿ ಹಿಡಿಯುವ ಹೊತ್ತಿಗೆ ಕಾಯಿಲೆ ಬಹಳ ಮುಂದುವರಿದಿರುತ್ತದೆ. ತಂಪಾದ ಪೆಟ್ಟಿಗೆ, ಗಾಳಿಯಾಡದ ತೇವ ಇದಕ್ಕೆ ದಾರಿ ಮಾಡಿಕೊಡುತ್ತವೆ. ಬಾಲ್ ಪೈಥಾನ್‌ಗಳಲ್ಲಿ ಇಂಥದ್ದೇ ಉಸಿರಾಟದ ಕಾಯಿಲೆ ತರುವ ನಿಡೊವೈರಸ್ ಒಂದನ್ನು ವಿಜ್ಞಾನಿಗಳು ವಿವರಿಸಿದ್ದು 2014ರಲ್ಲಿ. ಹೆಬ್ಬಾವು, ಬೋವಾಗಳ ನರಗಳನ್ನು ಕೆಡಿಸುವ ಇನ್‌ಕ್ಲೂಷನ್ ಬಾಡಿ ಡಿಸೀಸ್ ದಶಕಗಳಿಂದ ಗೊತ್ತಿದ್ದರೂ ಅದರ ಹಿಂದೆ ಅರೆನಾವೈರಸ್ ಇರುವುದು ತಿಳಿದದ್ದು 2012ರಲ್ಲಿ. ಅಂದರೆ ಹದಿನೈದು ಇಪ್ಪತ್ತು ವರ್ಷಗಳ ಹಿಂದೆ "ಕಾರಣ ತಿಳಿಯದ ಸಾವು" ಎಂದು ಬರೆದಿದ್ದ ಎಷ್ಟೋ ಪ್ರಕರಣಗಳಿಗೆ ಕಾರಣ ಇತ್ತು, ಅದಕ್ಕೆ ಹೆಸರಿರಲಿಲ್ಲ.

ಶಾಖದ ಏರುಪೇರು ಇನ್ನೊಂದು. ಬಾಲ್ ಪೈಥಾನ್‌ಗೆ ಬಿಸಿ ಭಾಗದಲ್ಲಿ 31 ರಿಂದ 33 ಡಿಗ್ರಿ, ತಂಪು ಭಾಗದಲ್ಲಿ 25-26 ಡಿಗ್ರಿ ಇದ್ದರೆ ಹಿತ. ಥರ್ಮೋಸ್ಟಾಟ್ ಕೈಕೊಟ್ಟು ಇಡೀ ಪೆಟ್ಟಿಗೆ 40 ಡಿಗ್ರಿ ದಾಟಿದರೆ ಹಾವಿಗೆ ಓಡಿಹೋಗಲು ಜಾಗವಿಲ್ಲ. ಏಪ್ರಿಲ್ ತಿಂಗಳಲ್ಲಿ ಗಾಜಿನ ಪೆಟ್ಟಿಗೆಯ ಮೇಲೆ ಕಿಟಕಿಯ ಬಿಸಿಲು ನೇರವಾಗಿ ಬಿದ್ದರೆ, ಹೀಟ್ ಮ್ಯಾಟ್ ಇಲ್ಲದೆಯೂ ಅಷ್ಟಾಗುತ್ತದೆ.

ಮೂರನೆಯದು ವಿಷ, ನಮ್ಮ ಜಿಲ್ಲೆಗಳಲ್ಲಿ ಇದನ್ನು ಮರೆಯುವಂತಿಲ್ಲ. ದ್ರಾಕ್ಷಿ, ಟೊಮೇಟೊ ತೋಟಗಳಿಗೆ ಹೊಡೆಯುವ ಔಷಧ, ಜಿರಳೆಗೆಂದು ಮನೆಯಲ್ಲಿ ಸಿಂಪಡಿಸಿದ ಸ್ಪ್ರೇ, ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿದ ಸೊಳ್ಳೆಬತ್ತಿ, ಬೀರುವಿನ ನುಸಿಗುಳಿಗೆ, ಇವೆಲ್ಲ ಹಾವಿಗೆ ಅಪಾಯ ತರಬಲ್ಲವು. ಇಲಿಪಾಷಾಣ ತಿಂದ ಇಲಿಯನ್ನು ಹಿಡಿದು ತಿನ್ನಿಸಿದರೆ ಆ ವಿಷ ಹಾವಿನ ಹೊಟ್ಟೆಗೂ ಹೋಗುತ್ತದೆ. ಆದ್ದರಿಂದ ಹಗೇವಿನಲ್ಲೋ ಗೋದಾಮಿನಲ್ಲೋ ಸಿಕ್ಕ ಇಲಿಯನ್ನು ಯಾವ ಕಾರಣಕ್ಕೂ ಕೊಡಬಾರದು.

ಉಳಿದಂತೆ ರಕ್ತಕ್ಕೆ ಹರಡಿದ ಸೋಂಕು, ನೀರು ಸಾಲದೆ ಒಳಾಂಗಗಳಲ್ಲಿ ಯೂರಿಕ್ ಆಮ್ಲ ಕಟ್ಟುವ ಗೌಟ್, ಹೊಟ್ಟೆಯೊಳಗೇ ಉಳಿದ ಮೊಟ್ಟೆ, ಗಡ್ಡೆ, ಹುಟ್ಟಿನಿಂದಲೇ ಇದ್ದ ಹೃದಯದ ದೋಷ. ಇವುಗಳಲ್ಲಿ ಹೆಚ್ಚಿನವು ಹೊರಗಿನಿಂದ ಕಾಣುವುದಿಲ್ಲ.

ನಾನೇ ಕೊಂದೆನೇ?

ಈ ಪ್ರಶ್ನೆಯನ್ನು ಯಾರೂ ಇಷ್ಟು ನೇರವಾಗಿ ಕೇಳುವುದಿಲ್ಲ. ತುಮಕೂರಿನ ಒಬ್ಬರು ಮುಕ್ಕಾಲು ಗಂಟೆ ಥರ್ಮೋಸ್ಟಾಟಿನ ಬಗ್ಗೆ ಮಾತಾಡಿ, ಫೋನ್ ಇಡುವ ಮುನ್ನ, "ಮೊನ್ನೆ ರಾತ್ರಿ ನೀರು ಬದಲಾಯಿಸಿರಲಿಲ್ಲ" ಎಂದರು. ಒಂದು ರಾತ್ರಿ ಹಳೆಯ ನೀರು ಕುಡಿದು ಹಾವು ಸಾಯುವುದಿಲ್ಲವೆಂದು ಅವರಿಗೂ ಗೊತ್ತಿತ್ತು.

ನಮ್ಮ ಅಪ್ಪ ನಲವತ್ತು ವರ್ಷ ರೇಷ್ಮೆ ಹುಳು ಸಾಕಿದವರು. ಹುಳು ಮನೆಯ ಶಾಖ, ತೇವ ಎರಡನ್ನೂ ದಿನಕ್ಕೆ ಹತ್ತು ಸಲ ನೋಡುವವರು, ಔಷಧ ಹೊಡೆದ ತೋಟದ ಸೊಪ್ಪನ್ನು ದಿನ ಎಣಿಸದೆ ಕೊಯ್ಯದವರು. ಅವರಿಗೂ ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ದಾಟಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡಲು ಎರಡು ದಿನ ಇದೆ ಎನ್ನುವಾಗ ಹಾಲುತೊಂಡೆ ರೋಗ ಬಂದು ಇಡೀ ಬೆಳೆ ಹೋದದ್ದುಂಟು. ಅಂಥ ದಿನ ಅವರು ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು, ಅದರ ಊದಿದ ಗೆಣ್ಣುಗಳನ್ನು ನೋಡುತ್ತಾ ಬಾಗಿಲಲ್ಲಿ ಕೂರುತ್ತಿದ್ದರು. ಎದ್ದ ಮೇಲೆ ತಪ್ಪುಗಳನ್ನು ಎರಡು ಪಾಲು ಮಾಡುತ್ತಿದ್ದರು: ತಿಳಿದಿದ್ದೂ ಮಾಡದೆ ಬಿಟ್ಟದ್ದು ಒಂದು, ಆಗ ತಿಳಿಯಲು ದಾರಿಯೇ ಇಲ್ಲದ್ದು ಇನ್ನೊಂದು. ಮೊದಲನೆಯದನ್ನು ಮುಂದಿನ ಬೆಳೆಗೆ ತಿದ್ದಿಕೊಳ್ಳುತ್ತಿದ್ದರು, ಎರಡನೆಯದರ ಬಗ್ಗೆ ಮಾತೆತ್ತುತ್ತಿರಲಿಲ್ಲ.

ನಾನೂ ಹಾಗೆ ಒಂದು ಹಾಳೆಯಲ್ಲಿ ಬರೆದೆ. ಡಿಸೆಂಬರ್‌ನಲ್ಲಿ ಎರಡು ರಾತ್ರಿ ಕರೆಂಟ್ ಇರಲಿಲ್ಲ, ಹೀಟ್ ಮ್ಯಾಟ್‌ಗೆ ಬೇರೆ ವ್ಯವಸ್ಥೆ ಮಾಡಬೇಕೆಂದು ಗೊತ್ತಿದ್ದೂ ಮಾಡಿರಲಿಲ್ಲ. ಅದು ನನ್ನ ತಪ್ಪು, ಅದನ್ನು ಒಪ್ಪಿಕೊಂಡಿದ್ದೇನೆ. ಆದರೆ ಗುಂಡ ಸತ್ತದ್ದು ಅದರಿಂದಲೇ ಎಂದು ಹೇಳಲು ನನ್ನ ಬಳಿ ಯಾವ ಪುರಾವೆಯೂ ಇಲ್ಲ.

ವರದಿಯಲ್ಲೂ ಕಾರಣ ಸಿಗಲಿಲ್ಲ. ಈಗ?

ನಮಗೂ ಹಾಗೆಯೇ ಆಯಿತು. ಶ್ವಾಸಕೋಶದಲ್ಲಿ ಸ್ವಲ್ಪ ಲೋಳೆ, ಯಕೃತ್ತು ತುಸು ಮಸುಕು, ಸಾವಿನ ಕಾರಣ ಖಚಿತವಿಲ್ಲ ಎಂದಷ್ಟೇ ಬರೆದಿತ್ತು. ಶವ ಬೇಗ ಕೊಳೆತದ್ದು, ಅಂಗಾಂಶದ ಪರೀಕ್ಷೆ ಆಗದಿದ್ದದ್ದು, ವೈರಸ್‌ಗೆ ಬೇರೆಯಾಗಿಯೇ ಪರೀಕ್ಷೆ ಮಾಡಿಸಬೇಕಾದದ್ದು, ಹೀಗೆ ಉತ್ತರ ತಪ್ಪಿಹೋಗಲು ದಾರಿಗಳು ಹಲವು. ಹೃದಯದ ಲಯ ತಪ್ಪಿ ಆದ ಸಾವಂತೂ ಕೊಯ್ದರೂ ಕಾಣುವುದಿಲ್ಲ.

ಖಾಲಿ ವರದಿಯಲ್ಲೂ ಓದಬೇಕಾದದ್ದು ಇರುತ್ತದೆ. ಸುಟ್ಟ ಗಾಯವಿಲ್ಲ, ಕರುಳಿನಲ್ಲಿ ಅಡಚಣೆಯಿಲ್ಲ, ಒಳಗೆ ರಕ್ತಸ್ರಾವವಿಲ್ಲ ಎಂದು ಬರೆದಿದ್ದರೆ, ರಾತ್ರಿ ಮೂರು ಗಂಟೆಗೆ ನಿಮ್ಮನ್ನು ಎಬ್ಬಿಸುವ ಅನುಮಾನಗಳಲ್ಲಿ ಕೆಲವಾದರೂ ಅಳಿದುಹೋಗುತ್ತವೆ. ವರದಿಯನ್ನು ವೈದ್ಯರ ಎದುರು ಕುಳಿತು ಸಾಲುಸಾಲಾಗಿ ಕೇಳಿ ತಿಳಿದುಕೊಳ್ಳಿ. ಅಂತರ್ಜಾಲದಲ್ಲಿ ಹುಡುಕಿದರೆ ಪ್ರತಿ ಪದಕ್ಕೂ ಒಂದು ಹೊಸ ಭಯ ಸಿಗುತ್ತದೆ.

ಸಾವನ್ನು ಸರ್ಕಾರಕ್ಕೆ ತಿಳಿಸಬೇಕೇ?

ಬಾಲ್ ಪೈಥಾನ್, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅನುಬಂಧ 2ರಲ್ಲಿರುವ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಇಂಥ ವಿದೇಶಿ ಪ್ರಾಣಿಗಳನ್ನು ನಾಲ್ಕನೇ ಅನುಸೂಚಿಗೆ ಸೇರಿಸಿದೆ. ಅವುಗಳನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂದು 2024ರ ನಿಯಮಗಳು ಹೇಳುತ್ತವೆ. ನೋಂದಣಿ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ; ಮರಿ ಹುಟ್ಟಿದರೂ, ಬೇರೆಯವರಿಗೆ ಕೊಟ್ಟರೂ, ಸತ್ತರೂ ತಿಳಿಸಬೇಕು. ಶವಪರೀಕ್ಷೆಯ ವರದಿ, ಫೋಟೊಗಳು ಇಲ್ಲಿಯೂ ಉಪಯೋಗಕ್ಕೆ ಬರುತ್ತವೆ, ಆದ್ದರಿಂದ ಹೂಳುವ ಮೊದಲು ಕಾಗದಪತ್ರ ನೋಡಿಕೊಳ್ಳಿ. ಅರ್ಜಿಯಲ್ಲಿ "ಮರಣದ ದಿನಾಂಕ" ಎಂಬ ಖಾನೆ ತುಂಬುವಾಗ ಕೈ ಸ್ವಲ್ಪ ತಡೆಯುತ್ತದೆ.

ನಮ್ಮ ಹಾವು ನೋಂದಣಿಯೇ ಆಗಿರಲಿಲ್ಲ, ಏನು ಮಾಡಲಿ?

ಗುಟ್ಟಾಗಿ ಹೂತು ಸುಮ್ಮನಾಗಬೇಕೆಂಬ ಆಸೆ ಸಹಜ, ಆದರೆ ಮನೆಯಲ್ಲಿ ಅಂಥದ್ದೇ ಇನ್ನೊಂದಿದ್ದರೆ ಸಮಸ್ಯೆ ಹಾಗೆಯೇ ಉಳಿಯುತ್ತದೆ. ಮೊದಲು ವಕೀಲರೊಬ್ಬರ ಸಲಹೆ ಪಡೆದು, ಅರಣ್ಯ ಇಲಾಖೆಯ ಮುಂದೆ ನೀವಾಗಿಯೇ ಹೋಗುವುದು ಉತ್ತಮ. ಚರ್ಮವನ್ನು ಸುಲಿದಿಡುವುದು, ಯಾರಿಗಾದರೂ ಕೊಡುವುದು ಬೇಡವೇ ಬೇಡ. ಸಾಕಿದ್ದು ನಮ್ಮ ನೆಲದ ಹಾವಾಗಿದ್ದರೆ, ಅಂದರೆ ನಾಗರ, ಕೆರೆಹಾವು, ಮಣ್ಣುಮುಕ್ಕ ಯಾವುದೇ ಆಗಿರಲಿ, ಅದನ್ನು ಮನೆಯಲ್ಲಿ ಇಟ್ಟುಕೊಂಡದ್ದೇ ಅಪರಾಧ. ಅದಕ್ಕೆ ನೋಂದಣಿ ಎಂಬುದೇ ಇಲ್ಲ.

ಹೂಳಬೇಕೇ, ಸುಡಬೇಕೇ?

ಸೋಂಕಿನ ಅನುಮಾನವಿದ್ದರೆ ಸುಡುವುದು ಒಳ್ಳೆಯದು. ಕೆಲವು ಪಶು ಆಸ್ಪತ್ರೆಗಳು ತ್ಯಾಜ್ಯದ ಜೊತೆ ದಹನಕ್ಕೆ ಕಳುಹಿಸುತ್ತವೆ. ಇಲ್ಲವಾದರೆ ಬಾವಿ, ಬೋರ್‌ವೆಲ್‌ಗಳಿಂದ ದೂರದಲ್ಲಿ, ನಾಯಿ ಕೆದಕದಂತೆ ಮೂರಡಿ ಆಳಕ್ಕೆ ಹೂಳಿ. ಪ್ಲಾಸ್ಟಿಕ್ ತೆಗೆದು ಹತ್ತಿಬಟ್ಟೆಯಲ್ಲಿ ಸುತ್ತಿ. ನಾವು ಊರಿನ ಹಿಪ್ಪುನೇರಳೆ ತೋಟದ ಬದುವಿನಲ್ಲಿ, ಹುಣಸೆಮರದ ಪಕ್ಕ ಹೂತೆವು. ಅಪ್ಪನೇ ಗುದ್ದಲಿ ಹಿಡಿದರು.

ಮನೆಯಲ್ಲಿ ಹಾವು ಸತ್ತರೆ ಸರ್ಪದೋಷ ಎನ್ನುತ್ತಾರೆ. ನಿಜವೇ?

ನಮ್ಮ ಸೀಮೆಯಲ್ಲಿ ಈ ಮಾತು ಬರದಿರಲು ಸಾಧ್ಯವೇ ಇಲ್ಲ. ದಾರಿಯಲ್ಲಿ ಸತ್ತ ನಾಗರಹಾವನ್ನು ಕಂಡರೆ ಹಾಲು ತುಪ್ಪ ಬಿಟ್ಟು ದಹನ ಮಾಡುವವರ ನಡುವೆ ಬೆಳೆದಿದ್ದೇವೆ. ಆಫ್ರಿಕಾದ ಹೆಬ್ಬಾವಿಗೆ ನಾಗರದ ಶಾಸ್ತ್ರ ಅನ್ವಯಿಸುವುದಿಲ್ಲ ಎಂದು ವಾದಿಸಿ ನಾನು ಎರಡು ದಿನ ಮನೆಯಲ್ಲಿ ಜಗಳ ಆಡಿದೆ. ಈಗ ಯೋಚಿಸಿದರೆ ಆ ವಾದದಿಂದ ಯಾರಿಗೂ ಏನೂ ದಕ್ಕಲಿಲ್ಲ. ಕಾಯಿಲೆಯಿಂದ ಸತ್ತ ಪ್ರಾಣಿಯ ಸಾವು ಯಾರ ಮೇಲಿನ ಶಾಪವೂ ಅಲ್ಲವೆಂಬುದು ನನ್ನ ಅಭಿಪ್ರಾಯ, ಅದನ್ನು ಬದಲಾಯಿಸಿಕೊಂಡಿಲ್ಲ.

ಆದರೆ ಅಮ್ಮ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋಗಬೇಕೆಂದಾಗ ಕರೆದುಕೊಂಡು ಹೋದೆ. ಅಲ್ಲಿ ಹರಕೆಯವರು ನಿಲ್ಲಿಸಿದ ನಾಗರಕಲ್ಲುಗಳು ಸಾಲುಸಾಲಾಗಿವೆ, ಒಂದೊಂದಕ್ಕೂ ಅರಿಸಿನ ಕುಂಕುಮ. ಆರು ವರ್ಷ ಗುಂಡನ ಪೆಟ್ಟಿಗೆಯ ಹತ್ತಿರ ಬರದಿದ್ದ ಅಮ್ಮ ಒಂದು ಕಲ್ಲಿನ ಹೆಡೆಯನ್ನು ಸೆರಗಿನಿಂದ ಒರೆಸಿ, "ಪಾಪ, ಯಾರಿಗೂ ಏನೂ ಮಾಡಿರಲಿಲ್ಲ" ಎಂದರು. ನಿಮ್ಮ ಮನೆಯ ಹಿರಿಯರಿಗೆ ಒಂದು ಪೂಜೆಯಿಂದ ಸಮಾಧಾನ ಸಿಗುವುದಾದರೆ ಅದನ್ನು ತಡೆಯಬೇಡಿ. ಹೆದರಿಸಿ ಸಾವಿರಾರು ರೂಪಾಯಿಯ ಶಾಂತಿ ಹೇಳುವವರನ್ನು ಮಾತ್ರ ದೂರವಿಡಿ.

"ಹಾವಿಗೆ ಅಳುತ್ತಾರೆಯೇ?" ಎನ್ನುವವರಿಗೆ ಏನು ಹೇಳಲಿ? ಮಕ್ಕಳಿಗೆ?

ನಾಯಿ ಸತ್ತರೆ ಊರು ಅರ್ಥ ಮಾಡಿಕೊಳ್ಳುತ್ತದೆ, ಹಾವು ಸತ್ತರೆ ನಗುತ್ತದೆ. ಆಫೀಸಿನಲ್ಲಿ ನನಗೆ "ಒಳ್ಳೇದಾಯ್ತು ಬಿಡಿ ಸಾರ್" ಎಂದವರಿದ್ದಾರೆ, ಪ್ರೀತಿಯಿಂದಲೇ ಹೇಳಿದರು. ಹಾವು ನಿಮ್ಮನ್ನು ಪ್ರೀತಿಸುತ್ತಿತ್ತೆಂದು ಅವರಿಗೆ ಸಾಬೀತು ಮಾಡುವ ಅಗತ್ಯವಿಲ್ಲ. ನೀವು ಸಾವಿರಾರು ದಿನ ಅದರ ನೀರು ಬದಲಾಯಿಸಿದ್ದು ನಿಜ, ದುಃಖಕ್ಕೆ ಅಷ್ಟು ಆಧಾರ ಸಾಕು. ಬಾಲ್ ಪೈಥಾನ್ ಇಪ್ಪತ್ತು ಮೂವತ್ತು ವರ್ಷ ಬದುಕಬಲ್ಲದು, ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಅರವತ್ತು ದಾಟಿದ ಹೆಣ್ಣೊಂದು 2020ರಲ್ಲಿ ಮೊಟ್ಟೆ ಇಟ್ಟಿತ್ತು. ಅಷ್ಟು ದೂರ ಜೊತೆಗಿರುತ್ತದೆಂದು ನಂಬಿದವರಿಗೆ ಆರನೇ ವರ್ಷದ ಸಾವು ಚಿಕ್ಕದಾಗಿ ಕಾಣದು.

ಮಕ್ಕಳಿಗೆ "ಮಲಗಿದೆ", "ಕಾಡಿಗೆ ಹೋಯಿತು" ಎಂದು ಹೇಳಬೇಡಿ. ನಮ್ಮ ಹುಡುಗಿ "ಮಾಮ, ಗುಂಡ ಈ ಪೊರೆ ಬಿಟ್ಟು ಹೊಸದಾಗಿ ಬರತ್ತಾ?" ಎಂದು ಕೇಳಿದಳು. ಇಲ್ಲ, ಸತ್ತಿದೆ, ಉಸಿರು ನಿಂತಿದೆ, ಮತ್ತೆ ಬರುವುದಿಲ್ಲ, ಯಾಕೆಂದು ಡಾಕ್ಟರಿಗೂ ಗೊತ್ತಾಗಲಿಲ್ಲ ಎಂದೆ. ಕೊನೆಯ ಮಾತು ಅವಳಿಗೆ ಕಷ್ಟವಾಯಿತು, ನನಗೂ ಆಗಿತ್ತು.

ನಿದ್ದೆ, ಊಟ, ಕೆಲಸ ವಾರಗಟ್ಟಲೆ ಕೆಟ್ಟಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಮನೆಯಲ್ಲಿ ಬೇರೆ ಹಾವುಗಳಿದ್ದರೆ?

ಕಾರಣ ತಿಳಿಯುವವರೆಗೂ ಅಂಟುರೋಗ ಎಂದೇ ಭಾವಿಸಿ. ಉಳಿದವುಗಳನ್ನು ಬೇರೆ ಕೋಣೆಗೆ ಸಾಗಿಸಿ, ಇಕ್ಕಳ, ಬಟ್ಟಲು ಯಾವುದನ್ನೂ ಹಂಚಿಕೊಳ್ಳದೆ, ಅವುಗಳ ಕೆಲಸ ಮುಗಿಸಿದ ಮೇಲೆಯೇ ಸತ್ತ ಹಾವಿನ ಪೆಟ್ಟಿಗೆ ಮುಟ್ಟಿ. ಹುರುಪೆಗಳ ಸಂದಿಯಲ್ಲಿ ಕಪ್ಪು ಚುಕ್ಕೆಯಂಥ ಉಣ್ಣೆ ನುಸಿಗಳಿವೆಯೇ ನೋಡಿ, ಅವು ರೋಗ ಹರಡಬಲ್ಲವು. ಪ್ರತಿವಾರ ತೂಕ ಬರೆದಿಡಿ.

ಹಾಸು, ಮರದ ತುಂಡು, ತೊಗಟೆಗಳನ್ನು ಎಸೆಯಿರಿ. ಗಾಜನ್ನು ಸೋಪಿನಿಂದ ತೊಳೆದ ನಂತರ, ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ತೊಳೆದು ಬಿಸಿಲಿಗಿಡಿ. ಬ್ಲೀಚಿನ ಜೊತೆ ಅಮೋನಿಯ ಬೆರೆಸಿದರೆ ವಿಷಗಾಳಿ ಏಳುತ್ತದೆ, ಎಚ್ಚರ. ಕ್ರಿಪ್ಟೊಸ್ಪೊರಿಡಿಯಮ್ ಎಂಬ ಪರಾವಲಂಬಿ ಬ್ಲೀಚಿಗೂ ಬಗ್ಗುವುದಿಲ್ಲ. ತಿಂದದ್ದನ್ನು ಮತ್ತೆ ಮತ್ತೆ ಕಕ್ಕುತ್ತಿದ್ದ, ನಡುಹೊಟ್ಟೆ ಊದಿದ್ದ ಹಾವಾಗಿದ್ದರೆ ಪೆಟ್ಟಿಗೆಯನ್ನೇ ಬಿಟ್ಟುಬಿಡುವುದು ಸರಿ.

ತೋಟದಲ್ಲಿ ಬಹಳ ಕಾಲದಿಂದ ಕಾಣುತ್ತಿದ್ದ ಕೆರೆಹಾವು ಸತ್ತು ಬಿದ್ದಿದೆ. ಅದಕ್ಕೂ ಇದೇ ಕ್ರಮವೇ?

ಅಲ್ಲ. ಸತ್ತರೂ ಅದು ಸರ್ಕಾರದ ಸ್ವತ್ತು. ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಅಂಥದ್ದು ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಮುಟ್ಟದೆ ಅರಣ್ಯ ಇಲಾಖೆಗೆ ಹೇಳಿ. ವಿಷದ ಹಾವಾಗಿದ್ದರೆ ತಲೆಯ ಹತ್ತಿರ ಕೈ ಒಯ್ಯಲೇಬೇಡಿ, ಸತ್ತ ಮೇಲೂ ಕಚ್ಚುವ ಶಕ್ತಿ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಮತ್ತೊಂದು ಹಾವು ಯಾವಾಗ ತರಬಹುದು? ಖಾಲಿ ಪೆಟ್ಟಿಗೆಯನ್ನು ಏನು ಮಾಡುವುದು?

ಕಾರಣ ತಿಳಿಯದಿದ್ದರೆ ಮೂರು ತಿಂಗಳಾದರೂ ತರಬೇಡಿ. ತಂದ ಮೇಲೂ ಉಳಿದ ಹಾವುಗಳಿಂದ ಕನಿಷ್ಠ 90 ದಿನ ದೂರವಿಡಿ, ಕಾಗದಪತ್ರವಿಲ್ಲದೆ ಮಾರುವವರ ಬಳಿ ಕೊಳ್ಳಬೇಡಿ. ತರಲೇಬೇಕೆಂದೂ ಇಲ್ಲ.

ನಾನು ತಂದಿಲ್ಲ. ಗಾಜಿನ ಪೆಟ್ಟಿಗೆ ಮಹಡಿಯ ಮೇಲೆ ಬೋರಲಾಗಿ ಬಿದ್ದಿದೆ, ಹೀಟ್ ಮ್ಯಾಟನ್ನು ಎಸೆದೆ. ಶಾಖ ಮತ್ತು ತೇವ ಎರಡನ್ನೂ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಮಾತ್ರ ಎಸೆಯಲು ಮನಸ್ಸಾಗಲಿಲ್ಲ. ಚೆನ್ನಾಗಿ ಒರೆಸಿ ಊರಿಗೆ ಒಯ್ದೆ. ಅಪ್ಪ ಅದನ್ನು ಹುಳು ಮನೆಯ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದಾರೆ. ಮೊನ್ನೆ ಹೋದಾಗ 26 ಡಿಗ್ರಿ, ತೇವ ಶೇ. 74 ತೋರಿಸುತ್ತಿತ್ತು, ಹುಳು ಮೂರನೇ ಜ್ವರಕ್ಕೆ ಕೂತಿತ್ತು.